ಪತ್ತಾರ ಮನೆಯ ಕಸ

ಒಂದು ಫೋಟೋದಲ್ಲಿ ಹೆಚ್ಚು ಜಾಗ ತಿನ್ನುವುದು ಮುಖವಲ್ಲ, ಕಸ.

ಮುಖಕ್ಕೆ ಒಂದು ಕ್ರಮವಿದೆ. ಕೆನ್ನೆಯ ಒಂದು ಚುಕ್ಕೆಯ ಪಕ್ಕದ ಚುಕ್ಕೆ ಹೆಚ್ಚುಕಡಿಮೆ ಅದೇ ಬಣ್ಣದ್ದು. ಯಂತ್ರ ಅದನ್ನು ಮತ್ತೆ ಬರೆದಿಡಬೇಕಾಗಿಲ್ಲ, ‘ಮೇಲಿನಂತೆಯೇ’ ಎಂದುಕೊಂಡರೆ ಸಾಕು. ಕಸಕ್ಕೆ ಕ್ರಮವಿಲ್ಲ. ಬೆಳಕು ಸಾಲದಿದ್ದಾಗ ಕ್ಯಾಮೆರಾದ ಸೆನ್ಸರು ಕಾಣದ್ದನ್ನೂ ಕಂಡಂತೆ ಚೆಲ್ಲುವ ಕೆಂಪು, ಹಸಿರು, ಬೂದು ಕಾಳುಗಳು ಅವು. ಒಂದೊಂದನ್ನೂ ಬೇರೆಯಾಗಿಯೇ ಬರೆದಿಡಬೇಕು. ಜನ ಮೂವತ್ತು ವರ್ಷ ತೆಗೆದ ಫೋಟೋಗಳಿಂದ ಭಂಡಾರಗಳೆಲ್ಲ ತುಂಬಿ, ಅವನ್ನು ತಣ್ಣಗಿಡಲು ವಿದ್ಯುತ್ತು ಸಾಲದಾದಾಗ ಕಾಯ್ದೆ ಬಂತು. ಇನ್ನು ಮುಂದೆ ಕಸ ತೆಗೆದ ಫೋಟೋಗಳಿಗೆ ಮಾತ್ರ ಜಾಗ. ಗದಗಿನಲ್ಲಿ ಚಿತ್ರಶುದ್ಧಿ ಕೇಂದ್ರ ತೆರೆಯಿತು. ಇಂದುಮತಿ ಅಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು.

ಯಂತ್ರ ಪ್ರತಿ ಫೋಟೋವನ್ನು ಎರಡಾಗಿ ಒಡೆಯುತ್ತಿತ್ತು. ಚಿತ್ರ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಉಳಿದದ್ದನ್ನು ಕಾಗದದ ಮೇಲೆ ‘ಶೇಷ’ ಎಂದು ಬರೆಯುತ್ತಿದ್ದರು, ಬಾಯಲ್ಲಿ ಕಸ ಅನ್ನುತ್ತಿದ್ದರು. ಕಸವನ್ನು ಮೂವತ್ತು ದಿನ ಇಟ್ಟು ಅಳಿಸುವುದು ನಿಯಮ. ಬೇಕಾದವರು ನಮೂನೆ ಹದಿನಾರು ತುಂಬಿ ತಮ್ಮ ಮನೆಯ ಕಸವನ್ನು ಒಯ್ಯಬಹುದಿತ್ತು. ಇದುವರೆಗೆ ಯಾರೂ ಆ ನಮೂನೆ ಕೇಳಿರಲಿಲ್ಲ. ಕಪಾಟಿನಲ್ಲಿ ಅದರ ಕಟ್ಟು ಬಿಚ್ಚದೆ ಬಿದ್ದಿತ್ತು.

ಜನರಿಗೆ ಕೇಂದ್ರ ಹಿಡಿಸಿತ್ತು. ಕತ್ತಲಲ್ಲಿ ತೆಗೆದ ಮದುವೆಯ ಫೋಟೋಗಳು ಮಧ್ಯಾಹ್ನದ ಹಾಗೆ ಬೆಳಗಿ ಬರುತ್ತಿದ್ದವು. ಕೆಲವರು ಮಾತ್ರ ಜಗಳಕ್ಕೆ ಬರುತ್ತಿದ್ದರು. ರಾಶಿ ಮಾಡುವಾಗಿನ ಫೋಟೋದಲ್ಲಿ ಹೊಟ್ಟಿನ ಧೂಳು ಮಾಯವಾಗಿದೆ, ಗಾಳಿ ಇಲ್ಲದೆ ಜೋಳ ತೂರಿದ ಹಾಗಿದೆ ಎಂದು ಒಬ್ಬ ಬಂದಿದ್ದ. ಒಬ್ಬ ಅಜ್ಜಿ ಕಿಟಕಿಯೊಳಗೆ ಗದ್ದ ತೂರಿಸಿ, “ನೋಡಬೇ, ಇಲ್ಲಿ ಮೂರು ಹಚ್ಚಿ ಬೊಟ್ಟು ಅದಾವಿಲ್ಲ? ನಿಮ್ಮ ಫೋಟೋದಾಗ ಯಾವಾಕಿನ ಕುಂದ್ರಿಸೀರಿ?” ಎಂದಿದ್ದಳು. ಯಂತ್ರಕ್ಕೆ ಹಚ್ಚೆಯ ಬೊಟ್ಟೂ ಕಸವಾಗಿ ಕಂಡಿತ್ತು. ಅಂದಿನಿಂದ ಯಂತ್ರಕ್ಕೊಂದು ಎಚ್ಚರಿಕೆ ಕಲಿಸಿದರು. ಅಳಿಸುವ ಮುನ್ನ ಇನ್ನೊಮ್ಮೆ ನೋಡಿ, ಕಸದೊಳಗೆ ಏನಾದರೂ ಕ್ರಮ ಕಂಡರೆ ಕೆಂಪು ಗೆರೆ ತೋರಿಸಬೇಕು. ಕ್ರಮವಿದ್ದದ್ದು ಕಸವಲ್ಲ.

*

ಇಂದುಮತಿಯ ಮನೆ ಬೆಟಗೇರಿಯ ಪತ್ತಾರ ಓಣಿಯಲ್ಲಿ, ಅಂದರೆ ಅಕ್ಕಸಾಲಿಗರ ಓಣಿಯಲ್ಲಿ. ಮುಂದಿನ ಕೋಣೆಯಲ್ಲಿ ಮಾವ ಮಾನಪ್ಪನ ಚಿನ್ನದ ಕೆಲಸ, ಹಿಂದೆ ಅಡುಗೆ, ನಡುವೆ ಎರಡು ಕೋಣೆ. ಈಗ ಮಾವ ಮತ್ತು ಸೊಸೆ ಇಬ್ಬರೇ ಇದ್ದರು. ಇಂದುಮತಿಯ ಗಂಡ ಮೌನೇಶ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅವನಿಗೆ ಮೂವತ್ತೊಂದು.

ಸೋಮವಾರ ಸಂಜೆ ಅವಳು ಮನೆಗೆ ಬಂದಾಗ ಬಾಗಿಲಲ್ಲಿ ದುರಗವ್ವ ಕೂತಿದ್ದಳು. ಅವಳು ಜಾಲಗಾರರವಳು. ಪತ್ತಾರರ ಮನೆಯ ಕಸವನ್ನು ಒಯ್ದು, ಮರಿಗೆಯಲ್ಲಿ ನೀರು ಹಾಕಿ ತೊಳೆದು, ಅರ ಹಾಕುವಾಗ ಉದುರಿದ ಚಿನ್ನದ ಪುಡಿಯನ್ನು ತೆಗೆಯುವುದು ಅವರ ಕಸುಬು. ಹಾಗಾಗಿ ಈ ಓಣಿಯಲ್ಲಿ ಯಾರೂ ಕಸವನ್ನು ಹೊರಗೆ ಚೆಲ್ಲುವುದಿಲ್ಲ. ಮೂಲೆಯ ಗಡಿಗೆಯಲ್ಲಿ ಕೂಡಿಡುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಇಂದುಮತಿ ಒಂದು ಬೆಳಿಗ್ಗೆ ಕೆಲಸದ ಕೋಣೆ ಗುಡಿಸಿ ಕಸವನ್ನು ಬೀದಿಗೆ ಹಾಕಿದ್ದಳು. ಮಾನಪ್ಪ ಬೀದಿಗಿಳಿದು, ಮಂಡಿಯೂರಿ, ಎಲ್ಲವನ್ನೂ ಬಳಿದು ತಂದಿದ್ದ. ಮೌನೇಶ ನಗುತ್ತ ಅದರದ್ದೂ ಒಂದು ಫೋಟೋ ತೆಗೆದಿದ್ದ.

“ಮಾನಪ್ಪಣ್ಣಾ, ವರ್ಷದ ಮ್ಯಾಲಾತು. ಗಡಗಿ ತುಂಬಿ ಚೆಲ್ಲಿರಬೇಕಲ್ಲ?” ಎಂದು ದುರಗವ್ವ ಒಳಗೆ ಕೂಗಿದಳು.

“ಈ ಸಲ ಏನಿಲ್ಲವ್ವ.”

“ಏನಿಲ್ಲ ಅಂದ್ರ? ನೆಲಾ ಗುಡಿಸಿಲ್ಲೇನ?”

“ಗುಡಿಸಿಲ್ಲ.”

“ಭಾಳ ಚೊಲೋ ಆತು. ಸರಿ ಅತ್ಲಾಗ, ನಾನ ಗುಡಸ್ತೀನಿ.”

“ಬ್ಯಾಡಂದೆನಲ್ಲ. ಅದರಾಗ ಅವನ ಕಾಲಿನ ಧೂಳೂ ಐತಿ.”

ದುರಗವ್ವ ಎದ್ದಳು. ಮರಿಗೆಯನ್ನು ಕಂಕುಳಿಗೆ ಏರಿಸಿಕೊಂಡು ಇಂದುಮತಿಯ ಕಡೆ ನೋಡಿ, “ಶನಿವಾರದ ತನಕಾ ಈ ಊರಾಗ ಇರ್ತೀನಿ ತಂಗಿ” ಎಂದು ಹೇಳಿ ಹೋದಳು.

ಮಾನಪ್ಪ ಹದಿನಾಲ್ಕು ತಿಂಗಳಿಂದ ಸುತ್ತಿಗೆ ಮುಟ್ಟಿರಲಿಲ್ಲ. ಏಕೆಂದು ಓಣಿಗೆಲ್ಲ ಗೊತ್ತಿತ್ತು. ಅವನೇ ಎಲ್ಲರ ಮುಂದೆ ಹೇಳಿಕೊಂಡಿದ್ದ. ಮೌನೇಶ ಅಪ್ಪ ಮಾಡಿದ ಒಡವೆಗಳ ಫೋಟೋ ತೆಗೆದು ಗಿರಾಕಿಗಳಿಗೆ ಕಳಿಸುತ್ತಿದ್ದ. ಆ ಬೆಳಿಗ್ಗೆ ನರೇಗಲ್ಲಿನ ಒಂದು ಮದುವೆಗೆ ಚಿನ್ನದ ಗುಂಡುಗಳ ಬೋರಮಾಳ ಸರ ಸಿದ್ಧವಾಗಿತ್ತು. ಮಾನಪ್ಪ ಕೆಲಸ ಬಿಟ್ಟೆದ್ದು, ಮಗನ ಪಕ್ಕದಲ್ಲಿ ನಿಂತು, ಅದರ ಫೋಟೋವನ್ನು ಹನ್ನೊಂದು ಸಲ ತೆಗೆಸಿದ. ಪ್ರತಿಸಲ ನೋಡಿ ಬೈದ. ಕೈ ನಡುಗುತ್ತದೆ, ಗುಂಡುಗಳು ಕಾಣುವುದಿಲ್ಲ, ಎಲ್ಲ ಮಬ್ಬು. ಹನ್ನೊಂದನೆಯದನ್ನು ತೆಗೆದು ಮೌನೇಶ “ಚಾ ಕುಡದ ಬರ್ತೀನಿ” ಎಂದು ಹೊರಗೆ ಹೋದ. ಚಹಾದಂಗಡಿಯ ಬೆಂಚಿನ ಮೇಲೆ ಕೂತವನು ಹಾಗೆಯೇ ಪಕ್ಕಕ್ಕೆ ವಾಲಿದ. ಹೃದಯ ನಿಂತಿದೆ, ಒಮ್ಮೊಮ್ಮೆ ಯಾವ ಸೂಚನೆಯೂ ಇಲ್ಲದೆ ಹೀಗಾಗುತ್ತದೆ ಎಂದರು ಡಾಕ್ಟರು.

“ನಾ ಬೈದದ್ದು ಎದಿಗೆ ಹತ್ತಿತು” ಎಂದ ಮಾನಪ್ಪ. ಅವತ್ತು ಹೇಳಿದ ಮಾತನ್ನೇ ಇವತ್ತಿಗೂ ಹೇಳುತ್ತಿದ್ದ.

ಇಂದುಮತಿ ಅದನ್ನು ಕೇಳಿಸಿಕೊಂಡು ಒಳಗೆ ಹೋಗುತ್ತಿದ್ದಳು. ರೊಟ್ಟಿ ಬಡಿಯುತ್ತಿದ್ದಳು, ಕೆಲಸಕ್ಕೆ ಹೋಗುತ್ತಿದ್ದಳು. ಮೌನೇಶನ ಫೋನಿನಲ್ಲಿದ್ದ ಫೋಟೋಗಳನ್ನು ಹೋದ ತಿಂಗಳು ಕೊನೆಯ ದಿನಾಂಕ ಬಂತೆಂದು ಉಳಿದವರಂತೆ ಅವಳೂ ಕೇಂದ್ರಕ್ಕೆ ಒಪ್ಪಿಸಿದ್ದಳು. ನಾಲ್ಕು ಸಾವಿರ ಫೋಟೋ. ಒಡವೆಗಳು, ಅವಳು, ಅಪ್ಪ, ಓಣಿಯ ನಾಯಿ. ಒಂದರಲ್ಲೂ ಮೌನೇಶ ಇರಲಿಲ್ಲ. ಅವನು ಯಾವಾಗಲೂ ಕ್ಯಾಮೆರಾದ ಈಚೆ ಕಡೆ ಇರುತ್ತಿದ್ದ.

*

ಮಂಗಳವಾರ ಹನ್ನೊಂದು ಗಂಟೆಗೆ ಯಂತ್ರ ಕೆಂಪು ಗೆರೆ ತೋರಿಸಿತು. ಮತ್ತೆ ಯಾರದೋ ಹಚ್ಚೆ ಇರಬೇಕೆಂದು ಇಂದುಮತಿ ಕಸವನ್ನು ತೆರೆದಳು. ಅದು ಅವಳದೇ ಮನೆಯ ಕಸ, ಮೌನೇಶನ ಫೋಟೋದ್ದು.

ಬೂದು ಕಾಳುಗಳ ನಡುವೆ ಅಡ್ಡ ಪಟ್ಟೆಗಳಿದ್ದವು. ಬಹಳ ತೆಳು. ಆದರೆ ಒಂದು ಪಟ್ಟೆಗೂ ಮುಂದಿನದಕ್ಕೂ ಅಂತರ ಹೆಚ್ಚುಕಡಿಮೆ ಒಂದೇ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಮೇಲ್ವಿಚಾರಕ ಹೊಸಮನಿಯನ್ನು ಕರೆದಳು. ಐವತ್ತರ ಹತ್ತಿರದ ಮನುಷ್ಯ, ನಗಲು ಕಾರಣ ಹುಡುಕುವವನು.

“ಸರ್, ನಾವು ಬಟನ್ ಒತ್ತೋದು ಒಂದ ಸಲ. ಆದ್ರ ಫೋನು ಅದರ ಹಿಂದಿನ ಮೂರು ಸೆಕೆಂಡಿನಾಗ ತೊಂಬತ್ತು ಚಿತ್ರ ತಗದು, ಕೂಡಿಸಿ, ಒಂದು ಮಾಡಿ ಕೊಡ್ತದ. ಒಂದೊಂದು ಚಿತ್ರಾನೂ ಮ್ಯಾಲಿನಿಂದ ಕೆಳಗ, ಸಾಲು ಸಾಲಾಗಿ ಓದ್ತದ. ಅಷ್ಟರಾಗ ಕೈ ಒಂದು ಕೂದಲೆಳಿಯಷ್ಟು ಅಲುಗಿದ್ರ ಆ ಸಾಲು ಸರೀತದ. ಯಂತ್ರ ಅದನ್ನ ಸರಿ ಮಾಡಿ, ಸರಿದದ್ದನ್ನ ಕಸಕ್ಕ ಹಾಕೇತಿ.”

“ಕೈ ಯಾರದ ಆದ್ರೂ ಅಲುಗತೈತಿ ಬಿಡ್ರಿ.”

“ಹಿಂಗ ತಾಳ ಹಿಡದು ಅಲುಗೋದಿಲ್ಲ.”

ಹೊಸಮನಿ ಕನ್ನಡಕ ಏರಿಸಿ ಪರದೆಗೆ ಬಾಗಿದ. ಕಸದಿಂದ ಸಾಲುಗಳು ಸರಿದದ್ದನ್ನಷ್ಟೇ ಎತ್ತಿ ಅವಳು ಒಂದು ಗೆರೆಯಾಗಿ ಎಳೆದಿದ್ದಳು. ಗೆರೆ ಏಳುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏಳುತ್ತಿತ್ತು.

“ಎದಿ ಬಡದಂಗೆಲ್ಲಾ ಕೈ ಅಲುಗೇತಲ್ಲ, ಇದು ನಾಡೀನೇನ್ರಿ?” ಎಂದು ಅವನು ಮೆಲ್ಲಗೆ ಕೇಳಿದ.

ಅವಳು ಉತ್ತರ ಕೊಡುವ ಮೊದಲೇ ತನ್ನ ಫೋನು ತೆಗೆದು ಗೋಡೆಯ ಗಡಿಯಾರದ ಫೋಟೋ ಹೊಡೆದು, ಇನ್ನೊಂದು ಕೈಯ ಮಣಿಕಟ್ಟನ್ನು ಅವಳ ಮುಂದೆ ಚಾಚಿದ. ಅವಳು ನಾಡಿ ಎಣಿಸಿದಳು. ಎಂಬತ್ತನಾಲ್ಕು. ಫೋಟೋದ ಕಸದಲ್ಲೂ ಎಂಬತ್ತನಾಲ್ಕು. ಹೊಸಮನಿಗೆ ಚಿಕ್ಕ ಹುಡುಗನ ಉತ್ಸಾಹ ಬಂತು. ತಾನೇ ತೆಗೆದ ಹಳೆಯ ಫೋಟೋಗಳನ್ನೆಲ್ಲ ಯಂತ್ರಕ್ಕೆ ಹಾಕತೊಡಗಿದ.

“ಇದು ನೋಡ್ರಿ, ಹಿಂದಿನ ನಿರ್ದೇಶಕರ ಬೀಳ್ಕೊಡುಗಿ. ನೂರಾ ಹನ್ನೆರಡು!”

“ಹೆದರಿದ್ರೇನ್ರಿ?”

“ಹೆದರಿಕಿ ಎಲ್ಲೀದು? ಹೋದ್ರಲ್ಲಪ್ಪಾ ಅಂತ ಖುಷಿ!” ಎಂದು ಅವನು ತೊಡೆ ತಟ್ಟಿಕೊಂಡ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. “ಮೇಡಂ, ಮೊದಲ ತೋರಿಸಿದ್ರಲ್ಲ, ಆ ಫೋನು ಯಾರದು?”

“ನಮ್ಮ ಮನಿಯವರದು.”

ಹೊಸಮನಿ ಎದ್ದು ನಿಂತ. ಫೋನನ್ನು ಕಿಸೆಗೆ ಹಾಕಿಕೊಂಡು ತನ್ನ ಕುರ್ಚಿಗೆ ವಾಪಸಾದ.

ಆ ದಿನವೂ ಮರುದಿನವೂ ಇಂದುಮತಿ ಬೇರೇನೂ ಮಾಡಲಿಲ್ಲ. ಫೋಟೋಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಹಳೆಯದರಿಂದ ಶುರುಮಾಡಿದಳು. ಬೀದಿಯಲ್ಲಿ, ಬಸ್ಸಿನಲ್ಲಿ, ಕೆರೆಯ ದಂಡೆಯಲ್ಲಿ ತೆಗೆದವು ಗಲಿಬಿಲಿಯಾಗಿದ್ದವು, ಏನೂ ಎಣಿಸಲಾಗಲಿಲ್ಲ. ಮನೆಯೊಳಗೆ, ಮೊಣಕೈ ಊರಿ ತೆಗೆದವು ನಿಚ್ಚಳವಾಗಿದ್ದವು. ಕೆಲಸದ ಕೋಣೆಯ ಬಾಗಿಲ ಚೌಕಟ್ಟಿಗೆ ಒರಗಿ ಅವನು ಅವಳ ಫೋಟೋಗಳನ್ನು ತೆಗೆಯುತ್ತಿದ್ದ. ಅಕ್ಕಿ ಆರಿಸುವಾಗ, ಕೂದಲು ಬಾಚುವಾಗ, ಅವಳು ಬೇಡವೆನ್ನುವಾಗ.

ಅವುಗಳ ಗೆರೆಯಲ್ಲಿ ತಪ್ಪಿತ್ತು. ಒಂದು ಸಮನಾದ ಬಡಿತದ ನಡುವೆ ಬೇರೆ ಬಡಿತಗಳು ನುಗ್ಗಿದ್ದವು. ಎರಡು ಒತ್ತೊತ್ತಾಗಿ, ಆಮೇಲೆ ಕ್ಷೀಣವಾದ ಒಂದು. ಮತ್ತೆ ಎರಡು, ಮತ್ತೆ ಒಂದು. ಎಲ್ಲದರಲ್ಲೂ ಅಲ್ಲ, ಆದರೆ ಬಹಳಷ್ಟರಲ್ಲಿ. ಮದುವೆಯ ಮೊದಲ ವರ್ಷದಿಂದಲೂ.

ಅವಳು ಹೃದಯದ ಡಾಕ್ಟರಲ್ಲ. ಆದರೆ ತಾಳ ತಪ್ಪಿದ ಸಂಕೇತ ಯಾವುದೆಂದು ಗುರುತಿಸುವುದನ್ನು ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಓದಿದ್ದಳು.

ಒಂದು ಸಲ ಅವನು ತೆಗೆದ ಫೋಟೋ ಮಸುಕಾಗಿತ್ತು. ಅವಳೇ ಅದನ್ನು ಕೇಂದ್ರಕ್ಕೆ ಒಯ್ದು, ಸೋಸಿ, ತಂದು ತೋರಿಸಿ, “ಅಕ್ಕಸಾಲಿ ಮಗನ ಕೈ ನೋಡ್ರಿ, ಹೆಂಗ ನಡುಗ್ತದ” ಎಂದು ಕಾಡಿಸಿದ್ದಳು. “ನಡುಗೋದು ಕೈ ಅಲ್ಲಬೇ, ಮನಿ” ಎಂದಿದ್ದ ಅವನು. ಇಬ್ಬರೂ ನಕ್ಕಿದ್ದರು. ಆ ಫೋಟೋದ ಕಸವನ್ನು ಅವಳೇ ಅಳಿಸಿದ್ದಳು.

ಕೊನೆಯ ಹನ್ನೊಂದು ಫೋಟೋಗಳನ್ನು ಅವಳು ತೆರೆಯಲಿಲ್ಲ.

ಮಾವನಿಗೆ ಹೇಳಬಹುದು. ನೀವು ಬೈದದ್ದರಿಂದ ಆದದ್ದಲ್ಲ, ಮೊದಲಿನಿಂದಲೂ ಹೀಗಿತ್ತು ಎಂದು ಹೇಳಬಹುದು. ಆಗ ಅವನು ಕೇಳುತ್ತಾನೆ, ಯಾರಿಗೂ ಕಾಣಲಿಲ್ಲವೇ ಎಂದು. ಆಗ ಅವಳು ಹೇಳಬೇಕಾಗುತ್ತದೆ. ನನ್ನ ಕೈಯಲ್ಲಿತ್ತು. ಕಸವೆಂದು ತೆಗೆದು ಹಾಕಿದೆ.

ಹೇಳದಿದ್ದರೂ ನಡೆಯುತ್ತದೆ. ಶುಕ್ರವಾರ ಐದು ಗಂಟೆಗೆ ಮೂವತ್ತು ದಿನ ಮುಗಿಯುತ್ತದೆ. ಯಂತ್ರ ತಾನಾಗಿಯೇ ಅಳಿಸುತ್ತದೆ. ಅವಳು ಏನೂ ಮಾಡಬೇಕಾಗಿಲ್ಲ. ಹದಿನಾಲ್ಕು ತಿಂಗಳಿಂದ ಏನೂ ಮಾಡದೆ ಇರುವುದು ಅವಳಿಗೆ ಅಭ್ಯಾಸವಾಗಿತ್ತು.

ಶುಕ್ರವಾರ ಮೂರು ಗಂಟೆಗೆ ಎದ್ದು ಹೋಗಿ ಕಪಾಟಿನಿಂದ ನಮೂನೆ ಹದಿನಾರರ ಕಟ್ಟು ಬಿಚ್ಚಿದಳು. ‘ಶೇಷ ಬೇಕಾಗಿರುವ ಕಾರಣ’ ಎಂಬಲ್ಲಿ ಏನು ಬರೆಯುವುದೆಂದು ತೋಚದೆ ಖಾಲಿ ಬಿಟ್ಟಳು.

ಹೊಸಮನಿ ಓದಿ, ಪೆನ್ನು ತೆಗೆದುಕೊಂಡು, ಆ ಖಾಲಿ ಜಾಗದಲ್ಲಿ ತಾನೇ ಬರೆದ: ‘ಪತ್ತಾರ ಮನೆತನ’. “ಅಷ್ಟು ಸಾಕು” ಎಂದು ಸಹಿ ಹಾಕಿದ. “ನಮ್ಮವ್ವನೂ ಬೆಟಗೇರಿಯಾಕೀನ ರೀ.”

*

ಐದೂವರೆಗೆ ಅವಳು ಮನೆ ತಲುಪಿದಳು. ಮಾನಪ್ಪ ಕೆಲಸದ ಕೋಣೆಯಲ್ಲಿ, ತಣ್ಣಗಿದ್ದ ಕುಲುಮೆಯ ಮುಂದೆ ಕೂತಿದ್ದ. ಕಿಟಕಿಯಿಂದ ಇನ್ನೂ ಬೆಳಕು ಬರುತ್ತಿತ್ತು. ಅವಳು ಎದುರಿಗೆ ಕೂತು ಲ್ಯಾಪ್‌ಟಾಪು ತೆರೆದಳು.

“ಮಾವಾರ, ನಿಮಗೊಂದು ಹೇಳೋದೈತಿ.”

ಹೇಳಿದಳು. ಸಾಲು ಸರಿಯುವುದನ್ನು, ನಾಡಿಯನ್ನು, ತಪ್ಪಿದ ತಾಳವನ್ನು. ಆಮೇಲೆ ತಾನು ಅಳಿಸಿದ ಫೋಟೋದ ಕಸವನ್ನೂ ಹೇಳಿದಳು. ಯಾವುದೋ ವರದಿ ಓದುವ ಹಾಗೆ ಹೇಳಿದಳು. ಬೇರೆ ಥರ ಹೇಳಲು ಅವಳಿಗೆ ಬರಲಿಲ್ಲ.

ಮಾನಪ್ಪ ಪರದೆಯ ಕಡೆ ಬೆರಳು ತೋರಿಸಿದ. “ಅಂದ್ರ ಅವನ ಎದಿ ಬಡಿತಾ ಇದರಾಗ ಐತಿ ಅಂತೀ?”

“ಹೂಂ.”

“ನನಗ ಗೆರಿ ಪರಿ ತಿಳಿಯಂಗಿಲ್ಲವ್ವ. ಕೇಳಾಕ ಬರತೈತೇನ?”

ಅವಳು ಗೆರೆ ಏರಿದಲ್ಲೆಲ್ಲ ಒಂದೊಂದು ‘ಟಕ್’ ಬರುವಂತೆ ಮಾಡಿದಳು. ಅವಳು ಅಕ್ಕಿ ಆರಿಸುತ್ತಿದ್ದ ದಿನದ ಹತ್ತು ಫೋಟೋಗಳನ್ನು ಒಂದರ ಹಿಂದೊಂದು ಇಟ್ಟಳು. ಅರ್ಧ ನಿಮಿಷ. ಕೋಣೆಯಲ್ಲಿ ಸದ್ದು ಶುರುವಾಯಿತು.

ಟಕ್. ಟಕ್. ಟಕ್ಟಕ್, ಟಿಕ್. ಟಕ್. ಟಕ್ಟಕ್, ಟಿಕ್.

ಮಾನಪ್ಪ ತಲೆ ಬಗ್ಗಿಸಿ ಕೇಳಿದ. ಮುಗಿಯಿತು. “ಇನ್ನೊಮ್ಮೆ ಹಚ್ಚು” ಎಂದ. ಎರಡನೆಯ ಸಲ ಕೇಳುವಾಗ ಅವನ ಬಲಗೈ ತೊಡೆಯ ಮೇಲೆ ತಾನಾಗಿ ಏಳತೊಡಗಿತು, ಬೀಳತೊಡಗಿತು. ಅವನು ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ.

“ಇದು ಎದಿ ಅಲ್ಲ ಇಂದವ್ವ.”

“ಮಾವಾರ, ನಾ ಲೆಕ್ಕ ಹಾಕಿ—”

“ಲೆಕ್ಕ ಇರಲಿ. ಕೇಳಿಲ್ಲೆ.”

ಅವನು ಪಕ್ಕಕ್ಕೆ ಬಾಗಿ ಸುತ್ತಿಗೆ ಎತ್ತಿಕೊಂಡ. ಹದಿನಾಲ್ಕು ತಿಂಗಳ ಧೂಳನ್ನು ಧೋತರದ ಚುಂಗಿನಿಂದ ಒರೆಸಿದ. ನೆಲದಲ್ಲಿ ಹುಗಿದ ಮರದ ದಿಮ್ಮಿಯ ಮೇಲೆ ಅಡಗಲ್ಲು ಇತ್ತು, ಅಂಗೈಯಷ್ಟು ಕಬ್ಬಿಣದ ಗಟ್ಟಿ. ಅದರ ಮೇಲೊಂದು ತಾಮ್ರದ ಚೂರಿಟ್ಟು ಬಡಿದ. ಎರಡು ಪೆಟ್ಟು ತಾಮ್ರದ ಮೇಲೆ, ಒತ್ತೊತ್ತಾಗಿ. ಆಮೇಲೆ ಸುತ್ತಿಗೆಯನ್ನು ಬರಿಯ ಅಡಗಲ್ಲಿನ ಮೇಲೆ ಹಗುರಾಗಿ ಒಮ್ಮೆ ಕುಣಿಸಿ ಕೈಗೆ ದಮ್ಮು ಕೊಟ್ಟ. ಮತ್ತೆ ಎರಡು, ಮತ್ತೆ ಒಂದು.

ಟಕ್ಟಕ್, ಟಿಕ್. ಟಕ್ಟಕ್, ಟಿಕ್.

ಬಾಗಿಲ ಚೌಕಟ್ಟು ಸಣ್ಣಗೆ ಗುಂಯ್ಗುಟ್ಟಿತು. ಇಂದುಮತಿ ಅದಕ್ಕೇ ಒರಗಿ ಕೂತಿದ್ದಳು. ಬೆನ್ನಿಗೆ ಗೊತ್ತಾಯಿತು.

ಈ ಮನೆಗೆ ಬಂದ ಹೊಸತರಲ್ಲಿ ಈ ಸದ್ದಿಗೆ ಅವಳಿಗೆ ತಲೆನೋವು ಬರುತ್ತಿತ್ತು. ಮೂರನೇ ತಿಂಗಳಿಗೆ ಕೇಳಿಸುವುದೇ ನಿಂತಿತ್ತು. ಅವಳ ಕಿವಿ ಅದನ್ನು ಸೋಸಿಬಿಟ್ಟಿತ್ತು. ಎಷ್ಟೆಂದರೆ, ಹದಿನಾಲ್ಕು ತಿಂಗಳಿಂದ ಅದು ಇಲ್ಲವೆಂಬುದೂ ಅವಳಿಗೆ ಕೇಳಿಸಿರಲಿಲ್ಲ.

‘ನಡುಗೋದು ಕೈ ಅಲ್ಲಬೇ, ಮನಿ’ ಎಂದಿದ್ದ ಮೌನೇಶ.

“ಇದು ನಾ” ಎಂದ ಮಾನಪ್ಪ. “ಅವ ನಿನ್ನ ಫೋಟೋ ತಗಿವಾಗ ನಾ ಇಲ್ಲಿ ಕುಂತ ಕುಟ್ಟಾಕತ್ತಿದ್ದೆ. ನಡುವ ಒಂದ ಸಮ ಬಡೀತೈತಲ್ಲ, ಅದು ಅವಂದು.”

ಅವಳು ಲ್ಯಾಪ್‌ಟಾಪಿನ ಮೇಲೆ ಬಾಗಿ ಸುತ್ತಿಗೆಯ ಬಡಿತಗಳನ್ನು ಗುರುತು ಮಾಡಿ ಒಂದೊಂದಾಗಿ ಪಕ್ಕಕ್ಕಿಟ್ಟಳು. ಅಳಿಸಲಿಲ್ಲ. ಉಳಿದದ್ದು ಒಂದೇ ಸಮನೆ ಇತ್ತು. ಒಂದು ಬಡಿತವೂ ತಪ್ಪಿರಲಿಲ್ಲ. ಅವಳ ಕೈ ಕೀಲಿಗಳ ಮೇಲೆ ನಿಂತಿತು. ಕಣ್ಣಿಂದ ನೀರು ಬರುತ್ತಿರುವುದು ಅವಳಿಗೆ ತಡವಾಗಿ ತಿಳಿಯಿತು.

ಮಾನಪ್ಪ ಅವಳು ಅಳುವಷ್ಟು ಹೊತ್ತು ಅಳಲು ಬಿಟ್ಟ. ಆಮೇಲೆ ಕೇಳಿದ, “ಕಡೀವು ನೋಡೀಯೇನ? ಆ ಹನ್ನೊಂದು?”

“ಇಲ್ಲ.”

“ಹಚ್ಚು.”

“ಮಾವಾರ—”

“ಅವತ್ತ ನಾ ಕುಟ್ಟಿಲ್ಲ. ಅವನ ಬಾಜೂಕ ನಿಂತಿದ್ದೆ. ಇದ್ದದ್ದೆಲ್ಲಾ ಅವಂದ ಇರತೈತಿ. ಹಚ್ಚು.”

ಮೊದಲು ಚಿತ್ರಗಳು ತೆರೆದುಕೊಂಡವು. ಕೆಂಪು ಬಟ್ಟೆಯ ಮೇಲೆ ಬೋರಮಾಳ ಸರ. ಮಾನಪ್ಪ ಪರದೆಯ ಹತ್ತಿರ ಮುಖ ತಂದ. ನಾಲ್ಕು ತಿಂಗಳ ಹಿಂದೆ ಅವನ ಎರಡೂ ಕಣ್ಣಿನ ಪೊರೆ ತೆಗೆಸಿದ್ದರು.

“ಇವೆಲ್ಲಾ ನೀ ಸೋಸಿದ ಮ್ಯಾಲಿನೂವೇನ?”

“ಅಲ್ಲ. ಅವರು ತಗದಾಂಗ ಅದಾವು.”

“ಒಂದೊಂದು ಗುಂಡೂ ಕಾಣತೈತಿ” ಎಂದ ಅವನು. “ಮೊದಲನೇದ್ರಾಗೂ ಕಾಣತೈತಿ.” ಸ್ವಲ್ಪ ತಡೆದು, “ಮಬ್ಬು ನನ್ನ ಕಣ್ಣಾಗ ಇತ್ತು. ಹನ್ನೊಂದು ಸಲ ತಗಿಸಿದೆನಲ್ಲವ್ವ ಅವನ ಕಡಿಂದ” ಎಂದ.

ಇಂದುಮತಿ ಹನ್ನೊಂದು ಕಸಗಳನ್ನು ಸಾಲಾಗಿ ಜೋಡಿಸಿದಳು. ಮೂವತ್ತಮೂರು ಸೆಕೆಂಡು. ಗೆರೆ ಎಡದಿಂದ ಬಲಕ್ಕೆ ಹರಿಯತೊಡಗಿತು. ಅವಳು ಎಣಿಸಿದಳು. ಮೊದಲ ಫೋಟೋದಲ್ಲಿ ನಿಮಿಷಕ್ಕೆ ಎಪ್ಪತ್ತೆರಡು. ಐದನೆಯದರಲ್ಲಿ ಎಪ್ಪತ್ತೊಂದು. ಹತ್ತನೆಯದರಲ್ಲಿ ಎಪ್ಪತ್ತೆರಡು. ಹನ್ನೊಂದನೆಯದರಲ್ಲಿ ಎಪ್ಪತ್ತೆರಡು.

“ಅಂದ್ರ?”

“ಸಿಟ್ಟು ಬಂದ್ರ, ಮನಸ್ಸಿಗೆ ನೋವಾದ್ರ ನಾಡಿ ಏರತದ ಮಾವಾರ. ಏರಿಲ್ಲ. ನೀವು ಬೈದದ್ದು ಅವರಿಗೆ ಹತ್ತೇ ಇಲ್ಲ.”

ಮಾನಪ್ಪ ಅದನ್ನು ನಂಬಲಿಲ್ಲ. ಬಾಯಿ ಅರ್ಧ ತೆರೆದು, ಗೆರೆಯನ್ನೇ ನೋಡುತ್ತ ಕೂತ. ಅದು ಕೊನೆಗೆ ಮುಟ್ಟಿ ನಿಂತಾಗ, “ಮತ್ತೊಮ್ಮೆ ಬಿಡು” ಎಂದ.

ಅವಳು ಬಿಟ್ಟಳು.

ಗೆರೆ ಮೊದಲಿನಿಂದ ಹರಿಯತೊಡಗಿತು. ಮಾನಪ್ಪ ಸೊಂಟ ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿಕೊಂಡ. ಆಮೇಲೆ ಓಣಿಗೆಲ್ಲ ಕೇಳುವಂತೆ, ಹದಿನಾಲ್ಕು ತಿಂಗಳ ಹಿಂದಿನ ಅದೇ ದನಿಯಲ್ಲಿ ಕೂಗಿದ:

“ಕೈ ನಡಗತೈತಲೇ ನಿಂದು! ಪತ್ತಾರನ ಹೊಟ್ಟ್ಯಾಗ ಹುಟ್ಟಿ ಒಂದ ಸರ ನೆಟ್ಟಗ ಹಿಡಿಯಾಕ ಬರಂಗಿಲ್ಲೇನ? ಎಲ್ಲಾ ಮಬ್ಬು! ಮತ್ತ ತಗಿ!”

ಹೊರಗೆ ಯಾರದೋ ಹೆಜ್ಜೆ ನಿಂತಿತು. ಮಾನಪ್ಪ ಪರದೆಗೆ ಕಣ್ಣು ನೆಟ್ಟಿದ್ದ.

ಗೆರೆ ಏರಿತು, ಇಳಿಯಿತು, ಏರಿತು. ಮೊದಲಿನಷ್ಟೇ.

“ಮತ್ತ ತಗಿಯಲೇ” ಎಂದ ಮಾನಪ್ಪ ಇನ್ನೊಮ್ಮೆ, ಈಗ ಮೆಲ್ಲಗೆ.

ಎಪ್ಪತ್ತೆರಡು.